ನಡುಗಡ್ಡಿಗೊಂದು ಚರಗ

ಇವತ್ತ ಮುಂಜಾನೆ ಸೇಡಂ ಸಂತ್ಯಾಗ ಹಸಿ ಕಡ್ಲಿ ಗಿಡದ ವಾಸನಿ ಮೂಗಿಗಿ ಬಡೀತು ನೋಡ್ರಿ, ನನಗ ನಿಂತಲ್ಲೇ ನಗಿ ಬಂತು. ಒಬ್ಬಾಕೀನೇ ನಗ್ಲಿಕತ್ತೆ. ಕಾಯಿಪಲ್ಯದಾಕಿ ತಕ್ಕಡಿ ಕೆಳಗಿಟ್ಟು, "ಯಾಕ್ರಿ ಟೀಚರ್, ನನ್ನ ತಕ್ಕಡಿ ಮ್ಯಾಲ ನಂಬಿಗಿ ಇಲ್ಲೇನು?" ಅಂದ್ಲು. ಆಕಿಗಿ ಏನಂತ ಹೇಳ್ಲಿ? ಹಸಿ ಕಡ್ಲಿ ಕಂಡ್ರ ನನಗ ಇಟಲಿ ನೆನಪಾಗ್ತದ ಅಂದ್ರ ಊರ ಮಂದಿ ಏನಂದಾರು? ನಿಮ್ಮ ಮುಂದಾದ್ರ ಹೇಳಬಹುದು. ನೀವು ಪುರಸೊತ್ತಾಗಿ ಕುಂತೀರಿ, ಮ್ಯಾಲ ನಮ್ಮೂರವರೂ ಅಲ್ಲ.

ನಾ ಹೆಣ್ಣುಮಕ್ಕಳ ಸಾಲ್ಯಾಗ ಭೂಗೋಳ ಕಲಿಸಿದಾಕಿ. "ಮೆಡಿಟರೇನಿಯನ್ ವಾಯುಗುಣ, ಬೇಸಿಗೆ ಒಣ, ಚಳಿಗಾಲದಲ್ಲಿ ಮಳೆ" ಅಂತ ಪ್ರತಿ ವರ್ಷ ಹಲಗಿ ಮ್ಯಾಲ ಬರದು, ಹುಡುಗ್ಯಾರ ಕೈಲೆ ಬಾಯಿಪಾಠ ಮಾಡಿಸಿ, ಪರೀಕ್ಷಾದಾಗ ತಪ್ಪು ಬರದವರಿಗಿ ಬೈದು ನಿವೃತ್ತಿ ಆದೆ. ಸಮುದ್ರ ಮಾತ್ರ ನೋಡಿದ್ದಿಲ್ಲ. ಭೂಮಿ ಮ್ಯಾಲ ಮುಕ್ಕಾಲು ಪಾಲು ನೀರು ಅಂತ ಹೇಳೋ ನಾನು, ಕಾಗಿಣಾದಾಗ ಮೊಣಕಾಲ ತನಕ ನೀರು ಬಂದ್ರ ಸೀರಿ ಎತ್ಕೊಂಡು ದಂಡಿಗಿ ಓಡಿ ಬರೋ ಪೈಕಿ. ಹಂಗಾಗಿ ನಿವೃತ್ತಿ ಆದ ಮ್ಯಾಲ ಹೈದರಾಬಾದಿನ ಟೂರಿನವರ ಕೂಡ ಇಟಲಿ ನೋಡಿ ಬರೂಣು ಅಂತ ಹುಚ್ಚು ಹಿಡೀತು. ಜೊತಿಗಿ ಯಾರು? ನಮ್ಮ ಗಂಗಕ್ಕ.

ಗಂಗಕ್ಕ ಅಂದ್ರ ನನ್ನ ನೆಗೆಣ್ಣಿ, ನಮ್ಮ ಭಾವನವರ ಹೆಂಡ್ತಿ. ಜಗಳಕ್ಕ ನಿಂತ್ರ ವಾಡಿ ಜಂಕ್ಷನ್ನಿನ ರೈಲೂ ಹಿಂದ ಸರೀಬೇಕು, ಅಂಥಾ ಗಂಟಲು. ಆದ್ರ ವರ್ಷಕ್ಕ ಒಂದು ದಿನ ಆ ಗಂಟಲು ಬಂದ್ ಆಗ್ತಿತ್ತು. ಎಳ್ಳಮಾಸಿ, ಅಂದ್ರ ಎಳ್ಳು ಅಮವಾಸ್ಯೆ ದಿನ.

ನಮ್ಮ ಕಡಿ ಎಳ್ಳಮಾಸಿ ಅಂದ್ರ ಮನ್ಯಾಗ ಮಾಡೋ ಹಬ್ಬ ಅಲ್ಲ. ಸಜ್ಜಿ ರೊಟ್ಟಿ, ಕಡುಬು, ಹಸಿ ಕಡ್ಲಿ, ಹಸಿ ತೊಗರಿ ಎಲ್ಲಾ ಹಾಕಿ ಕುದಿಸಿದ ಬಜ್ಜಿ, ಇಷ್ಟನ್ನೂ ಬುಟ್ಟ್ಯಾಗ ತುಂಬಿ ಹೊಲಕ್ಕ ಹೋಗಬೇಕು. ನಾವು ಉಣ್ಣೋದಕ್ಕಿಂತ ಮದಲು ಭೂಮ್ತಾಯಿ ಉಣಬೇಕು. ಒಬ್ರು ಬುಟ್ಟಿ ಹಿಡಕೊಂಡು ಹೊಲದ ಸುತ್ತೂ ಅನ್ನಾ ಚೆಲ್ಲತಾ ಹೋಗ್ತಾರ, ಹಿಂದಿಂದ ಒಬ್ರು ನೀರು ಚಿಮಕಸ್ತಾರ. ಇದಕ್ಕ ಚರಗ ಅಂತಾರ. ಹೊಲ ಇದ್ದವರು ಇಲ್ಲದವರನ್ನ ಕರೀತಾರ, ಕರದವರ ಹೊಲದಾಗ ಕುಂತು ಉಣ್ಣೋದೇ ಒಂದು ಸಂಭ್ರಮ.

ನಮ್ಮದೂ ಒಂದು ಕರಿ ಮಣ್ಣಿನ ಹೊಲ ಇತ್ತು. ಸಿಮೆಂಟ್ ಕಂಪನಿಯವರು ಗಣಿಗಿ ಬೇಕು ಅಂದ್ರು, ಸುತ್ತಲಿನವರೆಲ್ಲಾ ಕೊಟ್ರು, ನಾವೂ ಕೊಟ್ವಿ. ಯಾರೂ ಮೋಸ ಮಾಡ್ಲಿಲ್ಲ. ಆದ್ರ ಆ ಹೊಲದ ಸುತ್ತ ಬುಟ್ಟಿ ಹಿಡದು ತಿರುಗಿದಾಕಿ ಗಂಗಕ್ಕ, ಆಮ್ಯಾಲ ಯಾವ ಹೊಲಕ್ಕೂ ಚರಗಕ್ಕ ಹೋಗ್ಲಿಲ್ಲ. ಕೊಡ್ಲಿ ಊರಾಗ ಆಕಿ ಖಾಸ ತಂಗಿ ಶಾಂತವ್ವ ಅದಾಳ. ಪ್ರತಿ ವರ್ಷ ಫೋನ್ ಹಚ್ಚಿ, "ಅಕ್ಕಾ, ಚರಗಕ್ಕ ಬಾ" ಅಂತ ಕರೀತಿದ್ಲು. ಈಕಿದು ಒಂದೇ ಹಟ.

"ಮಂದಿ ಹೊಲದಾಗ ನಾ ಉಂಡು ಕೈ ತೊಳ್ಯಂಗಿಲ್ಲ."

"ಮಂದಿ ಯಾರು ಅಕ್ಕಾ, ನಿನ್ನ ತಂಗಿ," ಅಂತಿದ್ದೆ ನಾ.

"ತಂಗಿ ನನ್ನಾಕಿ. ಹೊಲ ನನ್ನದಲ್ಲ."

ಅಷ್ಟಂದು ಗ್ವಾಡಿ ಕಡಿ ಮಾರಿ ಮಾಡಿ ಮಲಗಿದ್ರ ಮರುದಿನಾನೇ ಏಳ್ತಿದ್ಲು. ಭಾವನವರು ತಾವೇ ಅನ್ನಕ್ಕಿಟ್ಟು ಸುಮ್ನ ಉಣ್ತಿದ್ರು.

ಟೂರಿನವರು ಕೊಟ್ಟ ಪಟ್ಟ್ಯಾಗ ಒಂದು ದಿನ ಖಾಲಿ ಬಿಟ್ಟಿದ್ರು, ಅವತ್ತ ನಿಮ್ಮ ಮರ್ಜಿ ಅಂತ. ಗಂಗಕ್ಕ ಗ್ವಾಡಿ ಕ್ಯಾಲೆಂಡರಿನ ಮ್ಯಾಲ ಬೆರಳಿಟ್ಟು ನೋಡ್ತಾಳ, ಅವತ್ತೇ ಎಳ್ಳಮಾಸಿ! ಆಕಿ ಮಾರಿ ಕಪ್ಪಿಡೋದ್ರಾಗ ನಾ ಮೊಬೈಲಿನಾಗ ಒಂದು ಫೋಟೋ ತೋರಿಸಿದೆ. ನೇಪಲ್ಸ್ ಊರಿನ ಮುಂದಿನ ಸಣ್ಣ ನಡುಗಡ್ಡಿ. ಬಣ್ಣಬಣ್ಣದ ಮನಿ, ನಿಂಬಿ ತೋಟ, ದೋಣ್ಯಾಗ ಮುಂಜಾನೆ ಹೋಗಿ ಸಂಜೀಕ ತಿರುಗಿ ಬರಬಹುದು.

"ನಾಕೂ ಕಡಿ ನೀರೇನು?"

"ನಾಕೂ ಕಡಿ."

"ಅಂದ್ರ ಬದುವಿಗಿ ಬದು ಹತ್ತಿದ ಹೊಲ ಯಾರದೂ ಇಲ್ಲ. ಸಮುದ್ರದಾಗಿನ ಮಣ್ಣು ಯಾರಪ್ಪಂದೂ ಅಲ್ಲ! ಅಲ್ಲೇ ಚರಗ ಹಾಕ್ತೀನಿ, ನಡಿ."

ಭೂಗೋಳದ ಟೀಚರ್ ಆದ ನಾ ಆವಾಗೇ ಅಲ್ಲೂ ಜನ ಇರ್ತಾರ, ಅವರಿಗೂ ಪಹಣಿ ಇರ್ತದ ಅಂತ ಹೇಳಬೇಕಾಗಿತ್ತು. ಆದ್ರ ಎಷ್ಟೋ ವರ್ಷದ ಮ್ಯಾಲ ಆಕಿ ಬಾಯಾಗ ಚರಗ ಅನ್ನೋ ಮಾತು ಬಂದಿತ್ತು. ನನಗೂ ತಲಿ ಗಿರ್ ಅಂತು. "ನಡಿ ಅಕ್ಕಾ!" ಅಂದುಬಿಟ್ಟೆ.

ಶುರುವಾತು ನೋಡ್ರಿ ತಯಾರಿ! ಆಕಿದು ಮದಲನೇ ಪ್ರಶ್ನಿ, "ಆ ನಡುಗಡ್ಡಿ ಎಷ್ಟು ಎಕರೆ ಅದ?" ನನಗ ಚದರ ಕಿಲೋಮೀಟರ್ ಗೊತ್ತು. ಎಕರೆ ಮಾಡಿ ಹೇಳಿದ ಕೂಡ್ಲೆ ಬಾಯಿ ಮ್ಯಾಲ ಕೈ ಇಟ್ಕೊಂಡ್ಲು. ಚರಗ ಅಂದ್ರ ಸುತ್ತೂ ಹಾಕಬೇಕು, ಒಂದು ಮೂಲಿ ಬಿಟ್ರೂ ಭೂಮ್ತಾಯಿ ಅಷ್ಟು ಹಸಿದಂಗ. "ಯವ್ವಾ, ಇಷ್ಟಕ್ಕೆಲ್ಲಾ ಎಷ್ಟು ರೊಟ್ಟಿ ಬೇಕು?" ನಗಬ್ಯಾಡ್ರಿ, ಇಬ್ರೂ ಕುಂತು ಖರೇನೇ ಲೆಕ್ಕ ಹಾಕಿದ್ವಿ. ಒಂದು ಹೆಜ್ಜಿಗಿ ಇಷ್ಟು ಚೂರು ಅಂದ್ರ ಎಷ್ಟಾತು, ಗುಡ್ಡದ ಕಡಿ ಸ್ವಲ್ಪ ಕಡಿಮಿ ಹಾಕಿದ್ರ ನಡೀತದೋ ಇಲ್ಲೋ, ಇದೇ ಮಾತು. ಎಳ್ಳು ಹಚ್ಚಿ ಸಜ್ಜಿ ರೊಟ್ಟಿ ಬಡದು ಬಡದು ಕೈ ನೋವು ಬಂತು. ಬ್ಯಾಗಿನಾಗಿನ ಸ್ವೆಟರ್ ತಗದು ರೊಟ್ಟಿ ತುಂಬಿದ್ವಿ. ಭಾವನವರು ಬಾಗಿಲದಾಗ ನಿಂತು, "ಇಟಲಿಯಾಗ ಏನು ಬರ ಬಿದ್ದದೇನ್ರವ್ವಾ?" ಅಂದ್ರು.

ಬಜ್ಜಿದೇ ದೊಡ್ಡ ಫಿಕರ್ ಆತು. ವಿಮಾನದಾಗ ಒಯ್ಯಲಿಕ್ಕ ಬರಂಗಿಲ್ಲ. ಹೋಟೆಲಿನಾಗ ಚಹಾದ ನೀರು ಕಾಸೋ ಕರೆಂಟಿನ ಕೆಟಲ್ ಇರ್ತದ, ಅದ್ರಾಗೇ ಕುದಿಸೂಣು ಅಂತ ಮನ್ಯಾಗ ಒಮ್ಮಿ ಪರೀಕ್ಷಾ ಮಾಡಿದ್ವಿ. ಕಡ್ಲಿ ಹಿಟ್ಟು ಉಕ್ಕಿ, ಮುಚ್ಚಳ ಹಾರಿ, ಮ್ಯಾಲ ಮಾಳಗಿಗಿ ಬಜ್ಜಿ ಬಡೀತು. ಭಾವನವರು ನೆಲಕ್ಕ ಬೀಳದೆ ಉಳಿದದ್ದನ್ನ ರೊಟ್ಟಿಗಿ ಹಚ್ಚಿ ಉಂಡು, "ಉಪ್ಪು ಕಡಿಮಿ ಆಗ್ಯಾದ" ಅಂದ್ರು. ನಾವಿಬ್ರೂ ಹೊಟ್ಟಿ ಹಿಡಕೊಂಡು ನೆಲಕ್ಕ ಕುಂತು ನಕ್ವಿ. ಆಮ್ಯಾಲ ಹಿಟ್ಟು ಬಿಟ್ಟು ಬರೇ ಕಾಳು ಕುದಿಸೋದು ಅಂತ ಠರಾವಾತು.

ನಾ ನನ್ನ ವಿದ್ಯಾ ತೋರಸ್ಲಿಕ್ಕ, "ಅಲ್ಲಿ ಚಳಿಗಾಲದಾಗೇ ಮಳಿ ಬರ್ತದ ಅಕ್ಕಾ" ಅಂದ್ರ, ಆಕಿ ಹೌಹಾರಿದ್ಲು. "ಅಯ್ಯ, ಹಂಗಾದ್ರ ಕಡ್ಲಿ ಗಿಡದ ಎಲಿ ಮ್ಯಾಲಿನ ಹುಳಿ ತೊಳದು ಹೋಗ್ತದಲ್ಲ! ಪಾಪ, ಹ್ಯಾಂಗ ಬೆಳೀತಾರೋ!" ಇನ್ನೊಂದು ಚಿಂತಿ, ಕಡೀ ದೋಣಿ. ಕಾಳಗಿ ಊರಿಗಿ ಹೋಗಿ ಕಡೀ ಬಸ್ಸು ತಪ್ಪಿಸ್ಕೊಂಡು ಯಾರದೋ ಪಡಸಾಲ್ಯಾಗ ಮಲಗಿದ ಅನುಭವ ಆಕಿದು. ದಿನಾ ಸಂಜೀಕ ಫೋನ್, "ಕಡೀ ದೋಣಿ ಖರೇನೇ ಅದಯೇನು? ಡ್ರೈವರ್ ರಜಾ ಹಾಕಿದ್ರ?"

ಅಂತೂ ಹೋದ್ವಿ. ಎಳ್ಳಮಾಸಿ ಮುಂಜಾನೆ ಹೋಟೆಲಿನ ಕೆಟಲಿನಾಗ ಕಾಳು ಕುದಿಸ್ಕೊಂಡು ದೋಣಿ ಹತ್ತಿದ್ವಿ. ದೋಣ್ಯಾಗ ಗಂಗಕ್ಕ ಕರ್ಚೀಪು ಒಗದು ಇಬ್ರಿಗೂ ಸೀಟು ಹಿಡದ್ಲು. ನಾ ಕಣ್ಣು ಮುಚ್ಕೊಂಡು ಕಬ್ಬಿಣದ ಸರಳು ಗಟ್ಟಿ ಹಿಡಕೊಂಡಿದ್ದೆ. ನಮ್ಮ ಸಾಲಿ ಹುಡುಗ್ಯಾರು ಯಾರೂ ನೋಡ್ಲಿಲ್ಲ, ಪುಣ್ಯ. ಆಕಿ ಮಾತ್ರ ಸಮುದ್ರ ನೋಡಿ ನೋಡಿ, "ಇಷ್ಟು ನೀರು ಸುಮ್ನ ಬಿದ್ದದ, ಒಂದು ತೊಗರಿ ಹೊಲಕ್ಕೂ ಬರಂಗಿಲ್ಲ" ಅಂತ ಮರುಗಿದ್ಲು.

ಇಳದು ನೋಡಿದ್ರ ಎಲ್ಲಿ ಖಾಲಿ ಮಣ್ಣು? ಓಣಿ ಓಣಿಗೂ ಗ್ವಾಡಿ, ಗ್ವಾಡಿಗೊಂದು ಗೇಟು, ಗೇಟಿಗೊಂದು ಕೀಲಿ. ಗ್ವಾಡಿ ಮ್ಯಾಲಿಂದ ನಿಂಬಿಕಾಯಿ ಇಣುಕ್ಲಿಕತ್ತಿದ್ವು. ನಡದು ನಡದು ಗಂಗಕ್ಕನ ಮಾತು ಕಡಿಮಿ ಆತು. "ಇದೂ ಮಂದಿ ಹೊಲಾನೇ ಅಲ್ಲೇನು?" ಅಂತ ಸಣ್ಣ ಧ್ವನಿಲೆ ಕೇಳಿದ್ಲು. ಇಷ್ಟು ದೂರ ಕರಕೊಂಡು ಬಂದು ಮತ್ತ ಗ್ವಾಡಿ ಕಡಿ ಮಾರಿ ಮಾಡಿಸಿದ್ನಲ್ಲ ಅಂತ ಅಳು ಬಂದಂಗಾತು.

ಒಂದು ಗೇಟಿನೊಳಗ ಒಬ್ಬ ಮುದುಕಿ ನಿಂಬಿಕಾಯಿ ಆರಸ್ಲಿಕತ್ತಿದ್ಲು. ಸೀರಿ ಉಟ್ಟು, ರೊಟ್ಟಿ ಗಂಟು ಬಗಲಾಗ ಹಿಡದ ಇಬ್ರನ್ನ ನೋಡಿ ಕೈ ಒರಸ್ಕೋತ ಬಂದ್ಲು. ಗಂಗಕ್ಕ ಸೀದಾ ಕನ್ನಡದಾಗೇ ಶುರು ಮಾಡಿದ್ಲು. "ಇವತ್ತ ನಮ್ಮ ಎಳ್ಳಮಾಸಿ ಅದವ್ವಾ. ಭೂಮ್ತಾಯಿಗಿ ಉಣಸ್ಬೇಕು. ನಮ್ಮ ಹೊಲ ಹೋಗ್ಯಾದ." ಅಷ್ಟು ವರ್ಷದಾಗ ಆ ಮಾತು ಆಕಿ ಬಾಯಿಂದ ಕೇಳಿದ್ದು ನಾ ಅದೇ ಮದಲು. ಮುದುಕಿಗಿ ಏನು ತಿಳೀತೋ ದೇವರಿಗೇ ಗೊತ್ತು. ಗಂಟು ನೋಡಿದ್ಲು, ಮಾರಿ ನೋಡಿದ್ಲು, ಗೇಟು ಪೂರಾ ತಗದು ಗಂಗಕ್ಕನ ಕೈ ಹಿಡದು ಜಗ್ಗಿದ್ಲು.

ಗಂಗಕ್ಕ ಹೊರಗೇ ನಿಂತ್ಲು. ಆಮ್ಯಾಲ ಚಪ್ಪಲಿ ಕಳದಿಟ್ಟು ಒಳಗ ಕಾಲಿಟ್ಲು. ನಿಂಬಿ ಗಿಡದ ಸುತ್ತ ರೊಟ್ಟಿ, ಕಾಳು ಚೆಲ್ಲತಾ ನಡದ್ಲು, ಹಿಂದಿಂದ ನಾ ಬಾಟ್ಲಿ ನೀರು ಚಿಮಕಸ್ತಾ ನಡದೆ. ಮುದುಕಿ ಬಂದು ಗಂಟಿನಾಗ ಕೈ ಹಾಕಿ ತಾನೂ ಒಂದು ಹಿಡಿ ಚೆಲ್ಲಿದ್ಲು. ಮೂರೂ ಮಂದಿ ಗಿಡದ ಬುಡಕ್ಕ ಕುಂತು ಉಂಡ್ವಿ. ನಡುಗಡ್ಡಿ ಸುತ್ತೋ ಮಾತು ಯಾರಿಗೂ ನೆನಪಾಗ್ಲಿಲ್ಲ. ತಿರುಗಿ ಬರೋ ಮುಂದ ದೋಣ್ಯಾಗ ಗಂಗಕ್ಕ, "ಗುರ್ತಾ ಇಲ್ಲ, ಮಾತಿಲ್ಲ, ಆಕಿ ಕರದ್ಲು, ನಾ ಹೋದೆ. ಶಾಂತವ್ವಗ ಏನಂತ ಹೇಳ್ಲಿ?" ಅಂದ್ಲು.

ಇದು ಹೋದ ಎಳ್ಳಮಾಸಿ ಮಾತು. ನಾಳಿ ಮತ್ತ ಎಳ್ಳಮಾಸಿ. ಇವತ್ತ ಸಂತಿಯಿಂದ ಸೀದಾ ಗಂಗಕ್ಕನ ಮನಿಗಿ ಹೋದೆ. ಹೊಸ್ತಿಲ ಮ್ಯಾಲ ಕುಂತಿದ್ಲು, ಫೋನ್ ತೊಡಿ ಮ್ಯಾಲ.

"ಶಾಂತವ್ವ ಈ ವರ್ಷ ಕರದಿಲ್ಲ. ಕರದು ಕರದು ಬ್ಯಾಸತ್ತಾಳ."

"ನೀನೇ ಫೋನ್ ಹಚ್ಚು."

"ಕರೀದೆ ಹ್ಯಾಂಗ ಹೋಗೋದು?"

"ಹೋಗಬ್ಯಾಡ. ಕರಿ ಅಂತ ಕೇಳು."

ನನ್ನ ಮಾರಿ ನೋಡಿದ್ಲು. ಬೈತಾಳ ಅಂದ್ಕೊಂಡೆ. ಬೈಲಿಲ್ಲ, ನಂಬರ್ ಒತ್ತಿದ್ಲು. ಆಕಿ ಫೋನ್ ಯಾವಾಗಲೂ ಸ್ಪೀಕರಿನಾಗೇ ಇರ್ತದ.

"ಶಾಂತಾ, ಈ ವರ್ಷ ನನ್ನ ಕರೀಲಿಲ್ಲಲ್ಲ ನೀ?"

ಆ ಕಡಿಯಿಂದ, "ಕರದ್ರ ಬರ್ತೀಯೇನು ಅಕ್ಕಾ?"

"ಬರ್ತೀನಿ."

"ಬಾ ಮತ್ತ. ಜಲ್ದಿ ಬಾ. ಬುಟ್ಟಿ ನೀನೇ ಹಿಡಿ. ನಾ ಹಿಂದಿಂದ ನೀರು ಚಿಮಕಸ್ತೀನಿ."