ಇನ್ಶಿರಾಹ್ ಅಂದ 'ನಾವು'

ಇನ್ಶಿರಾಹಳ ಬೆರಳುಗಳು ಸದಾ ಹಳದಿ. ಮನ್ಫಲೂತ್ ಊರಿನ ದಾಳಿಂಬೆ ಸಿಪ್ಪೆ ಕುದಿಸಿ ಕುದಿಸಿ ಹತ್ತಿದ ಬಣ್ಣ, ಯಾವ ಸೋಪಿಗೂ ಜಗ್ಗದು. ನೈಲ್ ದಡದ ಆ ವಿಶ್ವವಿದ್ಯಾಲಯದ ಔಷಧ ವಿಭಾಗದಲ್ಲಿ ಅವಳು ಕಿರಿಯ ಅಧ್ಯಾಪಕಿ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ಮಾಯಿಸುವ, ಆ ಸಿಪ್ಪೆಯದೇ ಮುಲಾಮೊಂದಕ್ಕೆ ತನ್ನ ಪ್ರಾಯವನ್ನೆಲ್ಲ ಸುರಿದಿದ್ದಳು. ಬಂದ ಸಂಬಂಧಗಳು ವಾಪಸು ಹೋದವು, ತಾಯಿ ಬೈದು ಬೈದು ಸುಮ್ಮನಾದಳು. ಇದನ್ನು ಕಂಡುಹಿಡಿದವಳು ಇವಳು ಎಂದು ಎಲ್ಲಾದರೂ ಬರೆದರೆ ಸಾಕು, ಅಷ್ಟೇ ಅವಳ ಆಸೆ.

ಅಲ್ಲಿಯ ಮರ್ಯಾದಸ್ಥರು 'ನಾನು' ಎನ್ನುವುದಿಲ್ಲ. ಬಾಯಿ ತಪ್ಪಿ ಅಂದರೂ 'ಆ ಮಾತಿನಿಂದ ದೇವರೇ ಕಾಪಾಡಲಿ' ಎಂದು ಕೂಡಲೇ ಸೇರಿಸುತ್ತಾರೆ. ಚಿಕ್ಕಂದಿನಲ್ಲೇ ಕಿವಿ ಹಿಂಡಿ ಕಲಿಸಿದ್ದು. ವಿಶ್ವವಿದ್ಯಾಲಯದ ಪೇಟೆಂಟ್ ಸಮಿತಿಯವರು ಮುಲಾಮು ಕಂಡುಹಿಡಿದವರು ಯಾರು ಎಂದು ಕೇಳಿದ ದಿನ ವಿಭಾಗದ ಮುಖ್ಯಸ್ಥರಾದ ಡಾಕ್ಟರ್ ವಗ್ದಿ ಪಕ್ಕದಲ್ಲೇ ಕೂತಿದ್ದರು. ಗುರುವಿನ ಎದುರು 'ನಾನು' ಎನ್ನಲು ಅವಳ ನಾಲಿಗೆ ಹೊರಳಲಿಲ್ಲ.

"ನಾವು ಮಾಡಿದ್ದು. ಎಲ್ಲಾ ನಮ್ಮ ಡಾಕ್ಟರ ಆಶೀರ್ವಾದ," ಅಂದುಬಿಟ್ಟಳು.

ವಗ್ದಿ ಮುಗುಳ್ನಕ್ಕು, ಹೆಸರುಗಳನ್ನು ತಾವೇ ಬರೆದುಕೊಡುವುದಾಗಿ ಹೇಳಿದರು. ಅವಳು ನಂಬಿದಳು. ಪಾಠ ಹೇಳಿದವರನ್ನು ನಂಬದೆ ಇನ್ಯಾರನ್ನು ನಂಬುವುದು?

ಒಡೆತನ ವಿಶ್ವವಿದ್ಯಾಲಯದ್ದು ಎಂಬುದು ಅವಳಿಗೂ ಗೊತ್ತಿತ್ತು, ಅದಕ್ಕೆ ತಕರಾರಿರಲಿಲ್ಲ. ಕೈರೋದ ಔಷಧ ಕಂಪನಿಯೊಂದು ತಯಾರಿಕೆಯ ಹಕ್ಕು ಕೊಂಡಿತು. ವಿಭಾಗದಲ್ಲಿ ಬಸ್ಬೂಸಾ ಹಂಚಿದರು. ಆ ಸಿಹಿ ಬಾಯಲ್ಲಿರುವಾಗಲೇ ಗೋಡೆಗೆ ತೂಗುಹಾಕಿದ ಪೇಟೆಂಟ್ ಪತ್ರ ಓದಿದಳು. ಕಂಡುಹಿಡಿದವರು ವಗ್ದಿ, ಮತ್ತು ಅವರ ಮಗಳು ರಂದಾ. ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿ, ಸಿಪ್ಪೆ ನೆನೆಹಾಕಿದ ಬಕೆಟ್ ಕಂಡರೆ ಮೂಗು ಮುಚ್ಚಿಕೊಳ್ಳುವವಳು!

ಪೇಟೆಂಟ್ ಕಚೇರಿಗೆ ಓಡಿದಳು. ಅಂದು ಸಮಿತಿಯಲ್ಲಿ ಕೂತು ಬರೆದುಕೊಂಡಿದ್ದ ಗುಮಾಸ್ತ ಫಿಕ್ರಿ, ಪಾಪ, ತಲೆ ಎತ್ತಲಿಲ್ಲ.

"ನೀವೇ 'ನಾವು' ಅಂದ್ರಲ್ಲಕ್ಕಾ. ಆ ನಾವು ಅಂದ್ರೆ ಯಾರ್ಯಾರು ಅಂತ ಡಾಕ್ಟರು ಬರ್ಕೊಟ್ರು."

ಅಲ್ಲಿಂದ ನೇರ ವಗ್ದಿಯ ಕೋಣೆಗೆ ನುಗ್ಗಿದಳು. ಆ ಮಹಾನುಭಾವ ಚಹಾ ತರಿಸಿದ. ಇನ್ನು ಅವನಿಗೆಂಥ ಬಹುವಚನ!

"ಯಾಕಮ್ಮಾ ಮುಖ ಸಪ್ಪಗಿದೆ? ರಂದಾ ಬೇರೆ, ನೀನು ಬೇರೇನಾ? ಇಬ್ರೂ ನನ್ನ ಮಕ್ಳೇ."

"ಬೇರೆನೇ, ಡಾಕ್ಟರೇ. ಅವಳ ಹೆಸರು ಗೋಡೆ ಮೇಲಿದೆ."

ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ನಾಳೆ ಕಂಪನಿಯವರು ಬರುತ್ತಾರೆ, ಕುದಿಸುವ ಹದ ರಂದಾಗೆ ಸ್ವಲ್ಪ ಹೇಳಿಕೊಡು ಎಂದ. ನನ್ನನ್ನು ಕೇಳಿದರೆ ಆ ಚಹಾವನ್ನು ಅವನ ಮುಖಕ್ಕೇ ಎರಚಬೇಕಿತ್ತು. ಅವಳು ಎರಚಲಿಲ್ಲ, ಕುಡಿಯಲೂ ಇಲ್ಲ. ಆಸ್ಪತ್ರೆಯಲ್ಲಿ ಆ ಮುಲಾಮನ್ನೇ ನಂಬಿ ಕಾಲು ಉಳಿದೀತೆಂದು ಕಾದವರಿದ್ದರು. ಹದ ಕೆಟ್ಟರೆ ಅವರ ಗತಿ ಏನು?

ಮರುದಿನ ಕಂಪನಿಯವರೆದುರು ಒಲೆಯ ಪಕ್ಕ ನಿಂತು ರಂದಾಗೆ ಎಲ್ಲವನ್ನೂ ಹೇಳಿಕೊಟ್ಟಳು. ಬಂದವರಲ್ಲೊಬ್ಬ, ಇವರು ಯಾರು ಎಂದು ರಂದಾಳನ್ನು ಕೇಳಿದ.

ರಂದಾ ತಿರುಗಿಯೂ ನೋಡದೆ ಹೇಳಿದಳು: "ಇವರಾ? ನಮ್ಮವರೇ."