ದೀಪದ ಹೊತ್ತಿನ ಸರ್ವೆ

ಅಜ್ಜಂಪುರದ ನಾಲ್ಕು ಜನ ಮುಖಂಡರು ಮೊನ್ನೆ ನನ್ನ ಮನೆಗೆ ಬಂದಿದ್ದರು. ಓಂಕಾರಮೂರ್ತಿಗೆ ಬೆಂಗಳೂರಿನ ಸಂಶೋಧನಾ ಸಂಸ್ಥೆಯಲ್ಲಿ ಬಡ್ತಿ ಸಿಕ್ಕಿದೆಯಂತೆ. ಊರಿನವರೆಲ್ಲ ಸೇರಿ ಅವನಿಗೆ ಶಾಲು ಹೊದಿಸುತ್ತಾರಂತೆ, ಅವನ ಬಗ್ಗೆ ಒಂದು ಚಿಕ್ಕ ಪುಸ್ತಕವನ್ನೂ ಅಚ್ಚು ಹಾಕಿಸುತ್ತಾರಂತೆ. "ಅವನಿಗೆ ಅಕ್ಷರ ಕಲಿಸಿದ ದೇವೀರಪ್ಪ ಮೇಷ್ಟ್ರು ಅಂದ್ರೆ ನೀವೇ ಅಲ್ವೇ? ನಾಲ್ಕು ಒಳ್ಳೆ ಮಾತು ಬರ್ಕೊಡಿ" ಎಂದು ಕರೆಯೋಲೆಯನ್ನೂ ಕೈಗಿಟ್ಟು ಹೋದರು. ಕೇಳಿದ್ದಾರೆ, ಬರೆಯುತ್ತಿದ್ದೇನೆ. ಅಚ್ಚು ಹಾಕುವುದು ಬಿಡುವುದು ಅವರಿಗೆ ಸೇರಿದ್ದು.

ಅಕ್ಷರ ಕಲಿಸಿದ್ದು ನಿಜ. ಅಜ್ಜಂಪುರದಲ್ಲಿ ಕಾಯಿ ಮಂಡಿ ಇಟ್ಟಿದ್ದ ಮಲ್ಲಿಕಾರ್ಜುನಯ್ಯನವರ ಮಗ ಅವನು. ಒಂದನೇ ಕ್ಲಾಸಿಗೆ ಸೇರುವಾಗಲೇ ಇಸ್ತ್ರಿ ಮಾಡಿದ ಚಡ್ಡಿ ಹಾಕಿಕೊಂಡು ಬಂದಿದ್ದ. ಮಗ್ಗಿ ಬರೆ ಎಂದರೆ ಅವನದೊಂದು ವಿಧಾನವಿತ್ತು. ಎರಡೊಂದಲ, ಎರಡೆರಡಲ ಎಂದು ಎಡಗಡೆಯದನ್ನೆಲ್ಲ ಮೇಲಿಂದ ಕೆಳಕ್ಕೆ ಒಂದೇ ಉಸಿರಿಗೆ ಬರೆದುಬಿಡುತ್ತಿದ್ದ. ಆಮೇಲೆ ಪಕ್ಕದವನ ಸ್ಲೇಟಿನ ಮೇಲೆ ಕಣ್ಣಿಟ್ಟು ಬಲಗಡೆಯ ಉತ್ತರಗಳನ್ನು ತುಂಬುತ್ತಿದ್ದ. ಪಕ್ಕದವನು ತಪ್ಪು ಬರೆದಿದ್ದರೆ ಇವನದೂ ತಪ್ಪು, ಆದರೆ ನೋಡಲು ಇವನದೇ ಚೆನ್ನ. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ ಇರುತ್ತಿತ್ತು. ನಾನೂ ಪೆದ್ದ, ಆ ಅಕ್ಷರಕ್ಕೆ ಮರುಳಾಗಿ ಪ್ರತಿ ವರ್ಷ ಪಾಸು ಮಾಡಿದೆ.

ಬಿ.ಎ.ಗೆ ಮೂರು ಸಲ ಕಟ್ಟಿ ದಡ ಸೇರಿದ ಮೇಲೆ ಒಂದೆರಡು ವರ್ಷ ರೈಲ್ವೆ ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಇಸ್ಪೀಟು ಆಡಿಕೊಂಡಿದ್ದ. ಅಷ್ಟರಲ್ಲಿ ಬೆಂಗಳೂರಿನ ಸಂಸ್ಥೆಯೊಂದು ನಮ್ಮ ಕಡೆಯ ಹಳ್ಳಿಗಳಲ್ಲಿ ಸರ್ವೆ ಮಾಡಲು ಸ್ಥಳೀಯ ಪದವೀಧರರು ಬೇಕೆಂದು ಹುಡುಕಿತು. ಶಿಕ್ಷಣ, ಜೀವನೋಪಾಯ, ಸಂವಹನ ಎಂದು ಮೂರು ಭಾಗದ ಒಂದು ಫಾರಂ. ಹಳ್ಳಿಯವರ ರೀತಿನೀತಿ ಬಲ್ಲವನೇ ಕೇಳಿದರೆ ಜನ ನಿಜ ಹೇಳುತ್ತಾರೆಂಬುದು ಆ ದೊಡ್ಡ ಮನುಷ್ಯರ ಲೆಕ್ಕಾಚಾರ. ಬಲ್ಲವನೆಂದು ಹುಡುಕಿ ತೆಗೆದದ್ದು ನಮ್ಮ ಓಂಕಾರಮೂರ್ತಿಯನ್ನು.

ಅಷ್ಟು ಹೊತ್ತಿಗೆ ನನಗೆ ಬೀರನಹಟ್ಟಿಗೆ ವರ್ಗವಾಗಿತ್ತು. ಅಂತರಘಟ್ಟೆಯ ದಾರಿಯಲ್ಲಿ ಬಸ್ಸಿಳಿದು ಒಂದು ಮೈಲಿ ನಡೆಯಬೇಕು. ನಲವತ್ತು ಮನೆ, ಒಂದು ಕೋಣೆಯ ಶಾಲೆ, ಒಬ್ಬನೇ ಮೇಷ್ಟ್ರು. ಆ ಶಾಲೆಗೆ ಮಕ್ಕಳು ಬರುತ್ತಿದ್ದುದು ನನ್ನ ಪಾಠ ಕೇಳಲಿಕ್ಕಲ್ಲ. ಮಧ್ಯಾಹ್ನ ಈರಕ್ಕ ದೊಡ್ಡ ಕಡಾಯಿಯಲ್ಲಿ ಮಾಡಿ ಬಡಿಸುತ್ತಿದ್ದ ಗೋಧಿ ಉಪ್ಪಿಟ್ಟಿಗೆ ಬರುತ್ತಿದ್ದರು. ಇದರಲ್ಲಿ ನನಗೆ ಅವಮಾನವೇನೂ ಇರಲಿಲ್ಲ. ಹಾಗೆ ಬಂದವರಲ್ಲಿ ಹಾಲಮ್ಮನ ಮಗಳು ಹುಲಿಯಮ್ಮನೂ ಒಬ್ಬಳು. ಹಾಲಮ್ಮ ಗಂಡ ಸತ್ತವಳು, ಕೂಲಿಗೆ ಹೋಗುವವಳು. ಉಪ್ಪಿಟ್ಟು ಸಿಗುತ್ತದೆಂದು ಮಗಳನ್ನು ಕುರಿ ಹಿಂದೆ ಅಟ್ಟದೆ ಶಾಲೆಗೆ ಕಳಿಸುತ್ತಿದ್ದಳು. ಆ ಹುಡುಗಿ ಮೂರನೇ ಕ್ಲಾಸಿನಲ್ಲಿ ಒತ್ತಕ್ಷರ ಬರೆಯುವುದನ್ನು ನೋಡಿ, ಇವಳನ್ನು ಏಳನೇ ಕ್ಲಾಸು ದಾಟಿಸಿದರೆ ಸಾಕು, ನನ್ನ ಜನ್ಮ ಸಾರ್ಥಕ ಎಂದುಕೊಂಡಿದ್ದೆ.

ಸಾವಿರದ ಒಂಬೈನೂರ ಎಪ್ಪತ್ತೇಳರ ಕಾರ್ತೀಕದಲ್ಲಿ ಓಂಕಾರಮೂರ್ತಿ ಬಂದ. ಕಂಕುಳಲ್ಲಿ ಚರ್ಮದ ಚೀಲ, ಕೈಯಲ್ಲಿ ಕ್ಲಿಪ್ ಹಾಕಿದ ರಟ್ಟು, ಜೇಬಿನಲ್ಲಿ ನಾಲ್ಕು ಬಣ್ಣದ ಪೆನ್ನು. ಉಪ್ಪಿಟ್ಟು ಯಾವ ಹಳ್ಳಿಗೆ ಮುಂದುವರಿಸಬೇಕು, ಯಾವುದಕ್ಕೆ ನಿಲ್ಲಿಸಬೇಕು ಎಂಬುದು ಈ ಸರ್ವೆಯ ಮೇಲೆ ನಿಂತಿದೆ ಎಂದು ಅವನೇ ನನಗೆ ಹೇಳಿದ. ಅದನ್ನು ಹೇಳುವಾಗ ಅವನ ಎದೆ ಎರಡು ಇಂಚು ಮುಂದೆ ಬಂದಿತ್ತು.

ಹಗಲೆಲ್ಲ ಇಸ್ಪೀಟು ಮುಗಿಸಿ ಅಜ್ಜಂಪುರದಿಂದ ಐದೂವರೆ ಬಸ್ಸಿಗೆ ಹೊರಡುತ್ತಿದ್ದ. ಅದೇ ಬಸ್ಸು ಅಂತರಘಟ್ಟೆಯಿಂದ ಏಳೂಕಾಲಿಗೆ ತಿರುಗಿ ಬರುತ್ತಿತ್ತು, ಅದನ್ನು ಹಿಡಿದು ಮನೆಗೆ ಊಟಕ್ಕೆ ಹೋಗುತ್ತಿದ್ದ. ನಡುವೆ ಸಿಗುವ ಮುಕ್ಕಾಲು ಗಂಟೆಯಲ್ಲೇ ಸಂಶೋಧನೆ. ಕಾರ್ತೀಕದಲ್ಲಿ ಆ ಹೊತ್ತೆಂದರೆ ಸರಿಯಾಗಿ ಮನೆಮನೆಯಲ್ಲೂ ದೀಪ ಹಚ್ಚುವ ಹೊತ್ತು.

ನಮ್ಮ ಕಡೆ ದೀಪ ಹಚ್ಚಿದ ಮೇಲೆ ಬಾಯಲ್ಲಿ 'ಇಲ್ಲ' ಎಂಬ ಮಾತು ಬರಬಾರದು. ಉಪ್ಪು ಮುಗಿದಿದ್ದರೂ ಇಲ್ಲ ಎನ್ನುವುದಿಲ್ಲ, ಅಕ್ಕಿ ಮುಗಿದಿದ್ದರೂ ಎನ್ನುವುದಿಲ್ಲ. ಅಂದರೆ ಲಕ್ಷ್ಮಿ ಹೊಸ್ತಿಲಿನಿಂದಲೇ ತಿರುಗಿ ಹೋಗುತ್ತಾಳೆ ಎಂಬ ಭಯ. ಇದು ಬೆಂಗಳೂರಿನ ಡಾಕ್ಟರೇಟುಗಳಿಗೆ ಗೊತ್ತಿಲ್ಲದಿದ್ದರೆ ಕ್ಷಮಿಸೋಣ. ಓಂಕಾರಮೂರ್ತಿಗೆ ಗೊತ್ತಿರಲಿಲ್ಲವೇ? ಅವನ ತಾಯಿ ಗುರುಶಾಂತಮ್ಮನವರು ದೀಪ ಹಚ್ಚಿದ ಮೇಲೆ ಮಂಡಿಗೆ ಬಂದ ಗಿರಾಕಿಗೆ ಸರಕು ಇಲ್ಲ ಎಂದವರಲ್ಲ, "ಬೆಳಿಗ್ಗೆ ಬನ್ನಿ, ಕೊಡಾಣ" ಎನ್ನುತ್ತಿದ್ದರು. ಇವನು ಅದೇ ಮಂಡಿಯಲ್ಲಿ ಚೀಲದ ಮೇಲೆ ಕೂತು ಬೆಳೆದವನು.

ಎರಡನೆಯ ದಿನವೇ ನಾನು ಹೇಳಿದೆ: "ಲೇ ಓಂಕಾರ, ದೀಪದ ಹೊತ್ನಲ್ಲಿ ಹೋಗಿ ರಾಗಿ ಐತಾ, ಜೋಳ ಐತಾ ಅಂತ ಕೇಳ್ತೀಯಲ್ಲೋ. ಯಾರು ನಿಜ ಹೇಳ್ತಾರೆ? ಬೆಳಿಗ್ಗೆ ಬಾರೋ."

"ಬೆಳಿಗ್ಗೆ ಯಾರೂ ಮನೇಲಿ ಸಿಗಲ್ಲ ಮೇಷ್ಟ್ರೇ."

"ನೀನು ಏಳೋ ಹೊತ್ಗೆ ಸಿಗಲ್ಲ. ಆರು ಗಂಟೆಗೆ ಬಾ, ಎಲ್ರೂ ಸಿಗ್ತಾರೆ."

ಅವನು ನಕ್ಕ. "ಫಾರಮ್ಮಲ್ಲಿ ಯಾವ ಹೊತ್ನಲ್ಲಿ ಕೇಳ್ಬೇಕು ಅಂತ ಕಾಲಮ್ಮೇ ಇಲ್ಲ ಬಿಡಿ ಮೇಷ್ಟ್ರೇ" ಎಂದ.

ಹಾಲಮ್ಮನ ಮನೆಗೆ ಹೋದಾಗ ನಾನೂ ಜೊತೆಯಲ್ಲಿದ್ದೆ. ರಾಗಿ ಇನ್ನೂ ಹೊಲದಲ್ಲಿತ್ತು, ಕೂಲಿಯವರ ಮನೆಯ ಮಡಕೆಗಳೆಲ್ಲ ತಳ ಕಂಡಿದ್ದ ದಿನಗಳು. ಹಾಲಮ್ಮ ಆಗತಾನೆ ಗೂಡಿನಲ್ಲಿ ದೀಪವಿಟ್ಟು ಕೈಮುಗಿದು ತಿರುಗಿದ್ದಳು. ಅವಳ ಹಿಂದೆ ರಾಗಿಯ ಮಡಕೆ ಬೋರಲು ಬಿದ್ದಿದ್ದು ನನಗೆ ಬಾಗಿಲಲ್ಲಿ ನಿಂತೇ ಕಾಣುತ್ತಿತ್ತು. ಇವನು ಜಗಲಿಯ ಮೇಲೆ ಕೂತು, ತಲೆ ಎತ್ತದೆ ಕೇಳಿದ.

"ಮನೇಲಿ ರಾಗಿ ಇದೆಯಾ?"

ಹಾಲಮ್ಮ ಒಮ್ಮೆ ದೀಪದ ಕಡೆ ನೋಡಿದಳು. "ಐತೆ ಸ್ವಾಮಿ" ಎಂದಳು.

"ಮಧ್ಯಾಹ್ನ ಮಕ್ಕಳಿಗೆ ಮನೇಲಿ ಊಟ?"

"ಐತೆ."

"ರೇಡಿಯೋ?"

ಪಾಪ, ಅವಳು ಅದಕ್ಕೂ ಇಲ್ಲ ಎನ್ನಲಿಲ್ಲ. "ಬತ್ತದೆ ಬುಡಿ ಸ್ವಾಮಿ, ದೇವ್ರು ಕೊಟ್ಟಾಗ" ಎಂದಳು. ಇವನು ಇದೆ ಎಂದು ಗುರುತು ಹಾಕಿದ. ಹೀಗೆ ಬೀರನಹಟ್ಟಿಯ ನಲವತ್ತು ಮನೆಗಳಿಗೂ ಒಂದು ವಾರದಲ್ಲಿ ರಾಗಿ ಬಂತು, ಊಟ ಬಂತು, ಕರೆಂಟೇ ಇಲ್ಲದ ಊರಿನ ಮೂವತ್ತೊಂದು ಮನೆಗೆ ರೇಡಿಯೋ ಬಂತು.

ಕೊನೆಯ ದಿನ ಅವನು ನಲವತ್ತೂ ಫಾರಮ್ಮುಗಳನ್ನು ನನ್ನ ಮುಂದೆ ಹರಡಿದ. ಪ್ರತಿಯೊಂದರ ಕೆಳಗೂ 'ಪರಿಶೀಲಿಸಿದ್ದೇನೆ' ಎಂದು ಶಾಲೆಯ ಮೇಷ್ಟ್ರ ಸಹಿ ಬೇಕಿತ್ತು. ಬಸ್ಸಿಗೆ ಹೊತ್ತಾಯಿತೆಂದು ಅವಸರ ಮಾಡಿದ. ನಾನು ಸಹಿ ಹಾಕಿದೆ. ಯಾಕೆ ಹಾಕಿದೆ ಎಂದು ಕೇಳಿದರೆ ಹೇಳಿಕೊಳ್ಳುವಂಥ ಕಾರಣ ಇಲ್ಲ. ಮಲ್ಲಿಕಾರ್ಜುನಯ್ಯನವರ ಮಗ ಎಂಬ ದಾಕ್ಷಿಣ್ಯ, ಮೇಲಿನವರು ಕಳಿಸಿದ ಕಾಗದ ಎಂಬ ಅಂಜಿಕೆ, ಮತ್ತೆ ಅದೇ ಮುತ್ತಿನಂಥ ಅಕ್ಷರ. ಓಂಕಾರಮೂರ್ತಿಯನ್ನು ಕಂಡರೆ ನನಗೆ ತಿರಸ್ಕಾರ ಎಂದು ಬರೆಯುವಾಗ ಅದರಲ್ಲೊಂದು ಪಾಲು ನನಗೆ ತೆಗೆದಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಮಾರನೆಯ ವರ್ಷ ಜೂನ್ ತಿಂಗಳಲ್ಲಿ ಗೋಧಿ ಬರಲಿಲ್ಲ. ಈರಕ್ಕ ಒಂದು ವಾರ ಕಾದು ಕಡಾಯಿ ತೊಳೆದು ಬೋರಲು ಹಾಕಿ ಹೋದಳು. ಹಿಂದೆಯೇ ಅಂಚೆಯಲ್ಲಿ ಒಂದು ದಪ್ಪ ಪುಸ್ತಕ ಬಂತು. ಬೀರನಹಟ್ಟಿಯ ಆಹಾರ ಪರಿಸ್ಥಿತಿ ತೃಪ್ತಿಕರ, ಸಂವಹನ ಸೌಲಭ್ಯ ಉತ್ತಮ ಎಂದಿತ್ತು. ಮೊದಲ ಪುಟದಲ್ಲಿ ಓಂಕಾರಮೂರ್ತಿಯ ಶ್ರಮಕ್ಕೆ ಮೆಚ್ಚುಗೆ, ದೇವೀರಪ್ಪ ಮಾಸ್ತರರ ಸಹಕಾರಕ್ಕೆ ಕೃತಜ್ಞತೆ. ಓಂಕಾರಮೂರ್ತಿಯ ಕೆಲಸ ಖಾಯಂ ಆಯಿತು. ಹುಲಿಯಮ್ಮ ಜುಲೈಯಲ್ಲಿ ಶಾಲೆ ಬಿಟ್ಟು ಕುರಿ ಹಿಂದೆ ಹೋದಳು. ದಾರಿಯಲ್ಲಿ ಸಿಕ್ಕಾಗ ನನ್ನನ್ನು ನೋಡಿ ಕೋಲು ಬೆನ್ನ ಹಿಂದೆ ಮರೆಮಾಡುತ್ತಿದ್ದಳು.

ನಾನು ತಡೆಯಲಾರದೆ ಒಂದು ದಿನ ಹಾಲಮ್ಮನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಬೈಯಲಿ ಎಂದೇ ಹೋಗಿದ್ದೆ. ಅವಳು ಬೈಯಲಿಲ್ಲ. "ಐತೆ ಅಂದೋಳು ನಾನೇ ಅಲ್ವಾ ಮೇಷ್ಟ್ರೇ. ನನ್ ಬಾಯಿಂದ್ಲೇ ನನ್ ಕೂಸಿನ ಅನ್ನ ಹೋಯ್ತು" ಎಂದಳು. ಪಕ್ಕದಲ್ಲಿ ಕೂತು ಹುಲಿಯಮ್ಮ ಕೇಳಿಸಿಕೊಳ್ಳುತ್ತಿದ್ದಳು.

ಹತ್ತು ವರ್ಷವಾಯಿತು. ನಾನು ಇನ್ನೂ ಬೀರನಹಟ್ಟಿಯಲ್ಲೇ ಇದ್ದೆ, ಯಾರಿಗೂ ಬೇಡದ ಊರಿಗೆ ಇನ್ನೊಬ್ಬ ಬರಲೊಪ್ಪದೆ ನನಗೆ ವರ್ಗವೂ ಆಗಲಿಲ್ಲ. ಹುಲಿಯಮ್ಮನನ್ನು ಸೋದರಮಾವ ಸಣ್ಣಬೀರಪ್ಪನಿಗೇ ಕೊಟ್ಟಿದ್ದರಿಂದ ಅವಳೂ ಅದೇ ಮನೆಯಲ್ಲಿ ತಾಯಿಯ ಜೊತೆ ಇದ್ದಳು. ಎಂಬತ್ತೇಳರ ಕಾರ್ತೀಕದಲ್ಲಿ ಓಂಕಾರಮೂರ್ತಿ ಮತ್ತೆ ಬಂದ. ಈಗ ಜೀಪು, ಹೊಟ್ಟೆ, ತಂಪು ಕನ್ನಡಕ. ಸಂಸ್ಥೆಗೆ ಹೊಸದೊಂದು ವಿಷಯ ಸಿಕ್ಕಿತ್ತು: ಗ್ರಾಮೀಣ ಹೆಣ್ಣುಮಕ್ಕಳು ಶಾಲೆ ಬಿಡಲು ಕಾರಣಗಳು. ಜೀಪಿದ್ದರೂ ಅವನು ಬಂದದ್ದು ಆರು ಗಂಟೆಗೇ.

"ಮೇಷ್ಟ್ರೇ, ಸಹಿಗೆ ನೀವೂ ಬಂದ್ಬಿಡಿ" ಎಂದ. ಹೋದೆ. ಈ ಸಲ ಏನಾಗುತ್ತದೋ ನೋಡೋಣ ಎಂದೇ ಹೋದೆ.

ಹುಲಿಯಮ್ಮ ಹೊಸ್ತಿಲ ಹತ್ತಿರ ಬೆಂಕಿಪೊಟ್ಟಣ ಹಿಡಿದು ನಿಂತಿದ್ದಳು. ದೀಪಕ್ಕೆ ಎಣ್ಣೆ ಹಾಕಿಯಾಗಿತ್ತು. ನಮ್ಮನ್ನು ಕಂಡವಳೇ ಬೆಂಕಿಪೊಟ್ಟಣವನ್ನು ಸೆರಗಿಗೆ ಗಂಟು ಹಾಕಿಕೊಂಡು ಜಗಲಿಗೆ ಬಂದಳು.

"ಅದೇನ್ ಕೇಳ್ತೀರೋ ಈಗ್ಲೇ ಕೇಳ್ಬುಡಿ ಸ್ವಾಮಿ. ಆಮೇಲೆ ದೀಪ ಹಚ್ತೀನಿ."

ಒಳಗಿನಿಂದ ಹಾಲಮ್ಮ ಕೂಗಿದಳು. "ಹೊತ್ತು ಮುಳುಗ್ತು ಕಣೇ, ಹಚ್ಚೇ ಮೊದ್ಲು!"

"ಸುಮ್ಕಿರವ್ವ. ಹಚ್ಚಿಬುಟ್ರೆ ಇಲ್ಲ ಅನ್ನಕಾಗಲ್ಲ."

ಓಂಕಾರಮೂರ್ತಿಗೆ ಏನೂ ತಿಳಿಯಲಿಲ್ಲ. ಚೀಲದಿಂದ ಟಾರ್ಚು ತೆಗೆದು ಫಾರಮ್ಮಿನ ಮೇಲೆ ಬಿಟ್ಟುಕೊಂಡು ಕೇಳುತ್ತಾ ಹೋದ. ನೀನು ಓದುವಾಗ ಮನೆಯಲ್ಲಿ ಊಟಕ್ಕಿತ್ತಾ? "ಇಲ್ಲ." ರಾಗಿ? "ಇಲ್ಲ." ಹೊಲ? "ಇಲ್ಲ." ಶಾಲೆಯಲ್ಲಿ ಉಪ್ಪಿಟ್ಟು? "ನೀವು ಬಂದೋದ್ಮೇಲೆ ಇಲ್ಲ." ಹತ್ತು ವರ್ಷ ಕಟ್ಟಿಟ್ಟುಕೊಂಡಿದ್ದ ಮಾತನ್ನು ಅವಳು ಒಂದೊಂದಾಗಿ ಅವನ ಮುಖದ ಮೇಲೆ ಇಡುತ್ತಿದ್ದಳು. ಅವನ ಪೆನ್ನು ಮಾತ್ರ ಅಲುಗಲಿಲ್ಲ. ಆಗ ನಾನು ಬಗ್ಗಿ ನೋಡಿದೆ. ಫಾರಂ ಆಗಲೇ ಪೂರ್ತಿ ತುಂಬಿತ್ತು. ಬೆಂಗಳೂರಿನಿಂದ ಬರುವಾಗಲೇ ತುಂಬಿಕೊಂಡು ಬಂದಿದ್ದ, ಹೆಸರಿನ ಜಾಗವೊಂದನ್ನು ಬಿಟ್ಟು.

ಹುಲಿಯಮ್ಮನೂ ಬಗ್ಗಿದಳು. ಟಾರ್ಚಿನ ಬೆಳಕಿನಲ್ಲಿ ಕಾರಣ ಎಂಬ ಕಾಲಮ್ಮಿನ ಮೇಲೆ ಬೆರಳಿಟ್ಟು, ಮೂರನೇ ಕ್ಲಾಸಿನಲ್ಲಿ ಓದುತ್ತಿದ್ದ ಹಾಗೆಯೇ ಬಿಡಿಸಿಕೊಂಡು ಓದಿದಳು. "ಪೋ... ಷ... ಕರ... ನಿ... ರಾ... ಸಕ್ತಿ." ನನ್ನ ಕಡೆ ತಿರುಗಿದಳು. "ಹಂಗಂದ್ರೇನು ಮೇಷ್ಟ್ರೇ?"

ಹಾಲಮ್ಮ ಅಷ್ಟರಲ್ಲಿ ಬಾಗಿಲಿಗೆ ಬಂದು ನಿಂತಿದ್ದಳು. ಸುಳ್ಳು ಹೇಳಬಹುದಾಗಿತ್ತು. "ನೀನು ಓದೋದು ನಿಮ್ಮವ್ವಂಗೆ ಬೇಕಿರ್ಲಿಲ್ಲ, ಅದ್ಕೇ ಬಿಡ್ಸಿದ್ಲು ಅಂತ ಬರ್ದವ್ನೆ ಕಣಮ್ಮ" ಎಂದೆ.

ಹಾಲಮ್ಮ ಕಂಬ ಹಿಡಿದುಕೊಂಡು ಕೆಳಗೆ ಕೂತಳು. ಹುಲಿಯಮ್ಮ ಅವನ ಕೈಯಿಂದ ರಟ್ಟನ್ನೂ ಪೆನ್ನನ್ನೂ ಕಿತ್ತುಕೊಂಡಳು. ಆ ಎರಡು ಪದಗಳ ಮೇಲೆ ಕಾಗದ ಹರಿಯುವ ಹಾಗೆ ಗೀಟು ಎಳೆದು, ಕೆಳಗೆ ದಪ್ಪ ದಪ್ಪ ಅಕ್ಷರದಲ್ಲಿ ಬರೆದಳು: ರಾಗಿ ಇಲ್ಲ. ಒತ್ತಕ್ಷರ ಸರಿಯಾಗಿತ್ತು.

"ಛೆ, ಫಾರಂ ಕೆಡಿಸಿಬಿಟ್ಳಲ್ಲ ಮೇಷ್ಟ್ರೇ" ಎಂದು ಓಂಕಾರಮೂರ್ತಿ ಚೀಲದಿಂದ ಇನ್ನೊಂದು ಖಾಲಿ ಫಾರಂ ತೆಗೆದು, ಟಾರ್ಚನ್ನು ಕಂಕುಳಲ್ಲಿ ಇರುಕಿಕೊಂಡು, ಮೊದಲಿಂದ ಮತ್ತೆ ಬರೆಯಲು ಕೂತ. ಅದೇ ಮುತ್ತಿನಂಥ ಅಕ್ಷರ. ಬರೆದು ಮುಗಿಸಿ ಸಹಿಗೆಂದು ನನ್ನ ಮುಂದೆ ಹಿಡಿದ. ನಾನು ಅದನ್ನು ಮುಟ್ಟಲಿಲ್ಲ. ಹುಲಿಯಮ್ಮ ಕೆಡಿಸಿದ್ದನ್ನು ತೆಗೆದುಕೊಂಡು, 'ಪರಿಶೀಲಿಸಿದ್ದೇನೆ' ಎಂಬಲ್ಲಿ ಪೂರ್ತಿ ಹೆಸರು, ತಾರೀಖು ಹಾಕಿ ಸಹಿ ಮಾಡಿ ಜೇಬಿಗೆ ಇಟ್ಟುಕೊಂಡೆ. ಅವನು ನಕ್ಕು, "ನಿಮ್ಗೆ ವಯಸ್ಸಾಯ್ತು ಮೇಷ್ಟ್ರೇ" ಎಂದು ಜೀಪು ಹತ್ತಿದ. ನನ್ನ ಸಹಿಯನ್ನೂ ಅವನೇ ಚೆಂದಾಗಿ ಹಾಕಿಕೊಂಡಿರಬೇಕು. ಆ ಸರ್ವೆಯ ಪುಸ್ತಕವೂ ಬಂತು, ಬಡ್ತಿ ಅದಕ್ಕೇ ಅಂತೆ.

ಮುಖಂಡರು ಕೇಳಿದ ಒಳ್ಳೆಯ ಮಾತು ಇಷ್ಟೇ: ಓಂಕಾರಮೂರ್ತಿಯ ಅಕ್ಷರ ಚೆನ್ನಾಗಿದೆ. ಸನ್ಮಾನಕ್ಕೆ ನಾನು ಖಂಡಿತ ಬರುತ್ತೇನೆ. ಫಾರಂ ಪೆಟ್ಟಿಗೆಯಲ್ಲಿ ಭದ್ರವಾಗಿದೆ, ತರುತ್ತೇನೆ. ಹುಲಿಯಮ್ಮನಿಗೂ ಹೇಳಿದ್ದೇನೆ, ಅವ್ವನನ್ನು ಕರೆದುಕೊಂಡು ಬರುತ್ತೇನೆಂದು ಒಪ್ಪಿದ್ದಾಳೆ. ಸಂಜೆ ಆರಕ್ಕೆ ದೀಪ ಬೆಳಗಿಸುವುದರೊಂದಿಗೆ ಸಮಾರಂಭ ಆರಂಭ ಎಂದು ಕರೆಯೋಲೆಯಲ್ಲಿದೆ. ನಾವು ಐದೂವರೆಗೇ ಬರುತ್ತೇವೆ.