ಹಾಗಲಕಾಯಿಯ ಅಚ್ಚು

ಜಯನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಲ್ಲಿನ ಒಂದು ವಠಾರಕ್ಕೆ ಹರಿಹರದ ಕಡೆಯಿಂದ ಬಂದ ಜಯದೇವಿ ಸಂಸಾರ ಹೂಡಿ ವರ್ಷವೂ ತುಂಬಿರಲಿಲ್ಲ. ಗಂಡ ಕೊಟ್ರಪ್ಪ ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ಒಬ್ಬಳೇ ಮಗಳು ವಿಮಲಾ. ಓದುವುದು ಎರಡನೇ ಕ್ಲಾಸು, ಬಾಯಿ ಮಾತ್ರ ಅಜ್ಜಿಯದು.

ಆ ಬಾಯಿಂದಲೇ ಇದೆಲ್ಲ ಶುರುವಾದದ್ದು. ದಸರಾ ಹತ್ತಿರ ಬಂದಿತ್ತು. ಈ ಊರಿನ ಪದ್ಧತಿ ಗೊತ್ತಲ್ಲ, ಸಂಜೆಯಾದರೆ ಮಕ್ಕಳು ಗುಂಪು ಕಟ್ಟಿಕೊಂಡು ಮನೆಮನೆಯ ಬಾಗಿಲಲ್ಲಿ ನಿಂತು, "ಗೊಂಬೆ ಕೂರ್ಸಿದೀರಾ?" ಎಂದು ಕೇಳುವುದು, ಗೊಂಬೆ ನೋಡಿ, ಒಂದು ಹಾಡು ಹೇಳಿ, ಕೈತುಂಬ ತಿಂಡಿ ಇಸಿದುಕೊಂಡು ಮುಂದಿನ ಮನೆಗೆ ಓಡುವುದು. ವಿಮಲಾ ರಸ್ತೆಯ ಹುಡುಗಿಯರನ್ನೆಲ್ಲ, "ಸರಸ್ವತಿ ಪೂಜೆ ದಿನ ನಮ್ಮನೆಗೆ ಬನ್ನಿ" ಎಂದು ಕರೆದು ಬಂದಿದ್ದಳು.

"ಯಾವ ಗೊಂಬೇನೇ ತೋರಿಸ್ತೀಯಾ?" ಎಂದಳು ಜಯದೇವಿ. "ನಮ್ಮ ಕಡೆ ದಸರಾಕ್ಕೆ ಬನ್ನಿ ಕೊಡೋದು ಗೊತ್ತೇ ಹೊರತು ಗೊಂಬೆ ಕೂರಿಸೋದು ಗೊತ್ತಿಲ್ಲ. ಮನೇಲಿ ಒಂದು ಮಣ್ಣಿನ ಗಿಳೀನೂ ಇಲ್ಲ."

"ಕರೆದಾಯ್ತಲ್ಲಮ್ಮ." ಮಗುವಿನ ಕಣ್ಣು ತುಂಬಿತ್ತು. "ಇಲ್ಲ ಅಂದ್ರೆ ಸುಳ್ಳಿ ಅಂತಾರೆ. ಆಟಕ್ಕೆ ಸೇರಿಸ್ಕೊಳಲ್ಲ."

ಜಯದೇವಿ ಮೂಲೆಮನೆಯ ಶಾಂತಾದೇವಿಯವರಲ್ಲಿ ವಿಚಾರಿಸಿದಳು. ಗೊಂಬೆಗಳು ಮದುವೆಯಲ್ಲಿ ತವರಿನಿಂದ ಬರುವಂಥವು ಎಂದು ಅವರು ಹೇಳಿ, ತಾವು ಒರೆಸಿಡುತ್ತಿದ್ದ ಗೊಂಬೆಗಳನ್ನೆಲ್ಲ ತೋರಿಸಿದರು. ಜಯದೇವಿಯ ಕಣ್ಣು ಬಿದ್ದದ್ದು ಅಂಗಡಿ ಹಾಕಿ ಕೂತ ಶೆಟ್ಟಿ-ಶೆಟ್ಟಮ್ಮನ ಗೊಂಬೆಗಳ ಮೇಲೆ. ಅವರ ಮುಂದೆ ಪುಟ್ಟ ಪುಟ್ಟ ಬಟ್ಟಲಲ್ಲಿ ಅಕ್ಕಿ, ಬೇಳೆ. ಗೊಂಬೆ ಇಲ್ಲದಿದ್ದರೇನು, ಅಂಗಡಿಯನ್ನೇ ಇಟ್ಟರಾಯಿತು ಎನ್ನಿಸಿತು. ನಿಜವಾದ ತರಕಾರಿ ಇಟ್ಟರೆ ಮಕ್ಕಳು ಅಡುಗೆಮನೆ ಎಂದು ನಗುತ್ತಾರೆ. ತರಕಾರಿಯನ್ನೇ ಎರಕ ಹೊಯ್ದರೆ?

ಮರುದಿನ ಸಿದ್ದಾಪುರದಿಂದ ತರಕಾರಿ ಹೊತ್ತು ತರುವ ಸೊಣ್ಣಮ್ಮನ ಬುಟ್ಟಿ ಇಳಿಸಿಕೊಂಡಳು. "ತೀರಾ ಚಿಕ್ಕ ಹಾಗಲಕಾಯಿ ಕೊಡು. ಮೈಯೆಲ್ಲ ಗುಳ್ಳೆಗುಳ್ಳೆ ಇರಬೇಕು."

"ಎಲ್ರೂ ಬಲ್ತಿರೋದು ಆರ್ಸ್ಕೊಂಡ್ರೆ ನೀವು ಪಿಳ್ಳೆ ಕೇಳ್ತೀರಲ್ಲವ್ವಾ! ಪಿಳ್ಳೆ ಬಲೇ ಕಹಿ, ಯಜಮಾನ್ರ ಮೇಲೆ ಅಷ್ಟೊಂದ್ ಕೋಪಾನಾ?"

ಜೇಡಿಮಣ್ಣಿನಲ್ಲಿ ಒತ್ತಿ ತೆಗೆದ ಅಚ್ಚಿನಲ್ಲಿ ಬದನೆಕಾಯಿ, ನಿಂಬೆಹಣ್ಣು, ಟೊಮೇಟೊ ಸಲೀಸಾಗಿ ಬಂದವು. ಸೀಮೆಸುಣ್ಣಕ್ಕೆ ಬಳಸುವ ಪ್ಲಾಸ್ಟರ್ ಪುಡಿಯನ್ನು ಕಲಸಿ ಹೊಯ್ದರೆ ಸಾಕು, ಥೇಟ್ ಅದೇ ರೂಪು. ಆದರೆ ಹಾಗಲಕಾಯಿ ಬಗ್ಗಲಿಲ್ಲ. ಅದನ್ನು ಈಚೆಗೆ ಎಳೆಯುವಾಗ ಗುಳ್ಳೆಗಳು ಸಿಕ್ಕಿಕೊಂಡು ಮಣ್ಣಿನ ಅಚ್ಚೇ ಕಿತ್ತುಬರುತ್ತಿತ್ತು.

"ನಮ್ಮ ಪ್ರೆಸ್ಸಲ್ಲಿ ಮಸಿ ಹಚ್ಚೋ ರೋಲರ್ ಇದೆಯಲ್ಲ, ಅದರ ಮೈ ರಬ್ಬರ್ ಥರ ಬಳುಕುತ್ತೆ," ಎಂದ ಕೊಟ್ರಪ್ಪ. "ಅಂಟು, ಪಾಕ ಸೇರಿಸಿ ಕಾಸಿ ಹೊಯ್ದಿರೋದು. ಹಳೇದನ್ನ ಎಸೀತಾರೆ, ಕೇಳಿ ತರ್ತೀನಿ."

"ಅಂಟು ಯಾವುದರದ್ದು?"

"ಅದನ್ನ ಮಾತ್ರ ಕೇಳಬೇಡ. ಬಚ್ಚಲ ಒಲೆ ಮೇಲೆ ಕಾಸು, ಅಡುಗೆಮನೆಗೆ ತರಬೇಡ."

ಜಯದೇವಿ ಹಾಗೇ ಮಾಡಿದಳು. ಕುದಿಯುವ ನೀರಿನಲ್ಲಿ ಡಬ್ಬಿ ಇಳಿಸಿ, ತುಂಡುಗಳನ್ನು ಕರಗಿಸಿ, ಹರಳೆಣ್ಣೆ ಸವರಿದ ಹಾಗಲಕಾಯಿಯನ್ನು ಇನ್ನೊಂದು ಡಬ್ಬಿಯಲ್ಲಿ ನಿಲ್ಲಿಸಿ ಸುತ್ತ ಹೊಯ್ದಳು. ನಾತಕ್ಕೆ ವಠಾರದವರೆಲ್ಲ ಬಾಗಿಲು ಹಾಕಿಕೊಂಡರು. ಅದು ಆರಿ ಗಟ್ಟಿಯಾದ ಮೇಲೆ ಒಂದು ಪಕ್ಕ ಬ್ಲೇಡಿನಿಂದ ಸೀಳಿ ಅಗಲಿಸಿದರೆ, ಹಾಗಲಕಾಯಿ ಎಳೆಮಗುವಿನ ಹಾಗೆ ಜಾರಿ ಈಚೆಗೆ ಬಂತು. ಒಳಗೆ ಒಂದೊಂದು ಗುಳ್ಳೆಯ ಗುರುತೂ ಇತ್ತು. ಜಯದೇವಿ ಒಬ್ಬಳೇ ನಕ್ಕಳು.

ನಗು ಬಹಳ ಹೊತ್ತು ಉಳಿಯಲಿಲ್ಲ. ಅಚ್ಚಿಗೆ ದಾರ ಬಿಗಿದು ಪ್ಲಾಸ್ಟರ್ ಹೊಯ್ದರೆ, ಅದು ಗಟ್ಟಿಯಾಗುವಾಗ ಬಿಸಿಯಾಗಿ ಅಚ್ಚಿನ ಒಳಮೈಯನ್ನೇ ಕರಗಿಸಿಬಿಟ್ಟಿತು.

"ಅಮ್ಮಾ, ಇದು ಹಾಗಲಕಾಯಾ, ತೊಳೆದುಳಿದ ಸೋಪಾ?" ಎಂದಳು ವಿಮಲಾ. ಕೇಳಿದವಳೇ ಅಳುವುದಕ್ಕೂ ಶುರುಮಾಡಿದಳು. ಸರಸ್ವತಿ ಪೂಜೆ ಬಾಗಿಲಿಗೇ ಬಂದಿತ್ತು.

ಅಂಟಿನ ಗುಣ ಒಳ್ಳೆಯದು, ಕರಗಿಸಿ ಮತ್ತೆ ಹೊಯ್ಯಬಹುದು. ಆದರೆ ಬಿಸಿಗೇನು ಮಾಡುವುದು? ಬೆಳಗ್ಗೆ ಕೊಟ್ರಪ್ಪ ಗಡ್ಡ ಹೆರೆದುಕೊಂಡು ಕೆನ್ನೆಗೆ ಪಟಿಕ ಉಜ್ಜುತ್ತ, "ಚರ್ಮ ಹೆಂಗೆ ಬಿಗೀತದೆ ನೋಡು" ಎಂದು ಜಂಬ ಮಾಡುತ್ತಿದ್ದ. ಜಯದೇವಿ ಅವನ ಕೈಯಿಂದ ಪಟಿಕ ಕಿತ್ತುಕೊಂಡಳು.

"ಏ, ಇನ್ನೊಂದು ಕೆನ್ನೆ ಇದೆ ಕಣೇ!"

"ಅದು ಸಂಜೆವರೆಗೂ ಕಾಯುತ್ತೆ ಬಿಡ್ರಿ."

ಪಟಿಕದ ನೀರನ್ನು ಹೊಸ ಅಚ್ಚಿನ ಒಳಗೆ ಬಳಿದು ಆರಿಸಿದಳು. ಒಳಮೈ ಬಿಗಿದುಕೊಂಡಿತು. ಎಣ್ಣೆ ಸವರಿ, ಮಡಕೆಯ ತಣ್ಣೀರಲ್ಲಿ ಪ್ಲಾಸ್ಟರ್ ಕಲಸಿ ಹೊಯ್ದು, ಗಟ್ಟಿಯಾದ ತಕ್ಷಣ ಬಿಡಿಸಿದಳು. ಬೆಳ್ಳಗಿನ ಹಾಗಲಕಾಯಿ, ತೊಟ್ಟಿನಿಂದ ತುದಿಯವರೆಗೂ ಗುಳ್ಳೆಗುಳ್ಳೆ! ಅರಿಶಿನಕ್ಕೆ ಬಟ್ಟೆಯ ನೀಲಿ ಸೇರಿಸಿ ಬಳಿದರೆ ಹಸಿರೂ ಬಂತು. ಸೊಣ್ಣಮ್ಮ ಅದನ್ನು ಉಗುರಿನಿಂದ ಚಿವುಟಲು ಹೋಗಿ, "ಅಯ್ಯೋ ನಿಮ್ಮ, ಉಗುರೇ ಹೋಯ್ತು" ಎಂದು ಬೆರಳು ಬಾಯಿಗಿಟ್ಟುಕೊಂಡಳು.

ಸರಸ್ವತಿ ಪೂಜೆಯ ಸಂಜೆ ರಸ್ತೆಯ ಹುಡುಗಿಯರೆಲ್ಲ ಬಂದರು. ಹಿಂದೆಯೇ ಶಾಂತಾದೇವಿಯವರೂ ಬಂದರು. ಮಣೆಯ ಮೇಲೆ ಗೋಣಿತಾಟು, ಅದರ ಮೇಲೆ ರಾಶಿರಾಶಿ ಪುಟ್ಟ ತರಕಾರಿ.

"ಗೊಂಬೆ ಎಲ್ಲೇ?" ಎಂದಳು ಒಬ್ಬಳು.

ಜಯದೇವಿ ಮಗಳ ಕಡೆ ತಿರುಗಿದಳು. ಅಷ್ಟರಲ್ಲಿ ವಿಮಲಾ ತಲೆಗೆ ಟವೆಲ್ಲಿನ ಸಿಂಬಿ ಇಟ್ಟುಕೊಂಡು ಮಣೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ಕೂಗಿದಳು: "ಎಳೇ ಹಾಗಲ್ಕಾಯವ್ವೋ! ಮುಟ್ಟಿ ಮುಟ್ಟಿ ಬಾಡಿಸ್ಬೇಡ್ರವ್ವಾ, ತಗೊಳ್ಳೋರಾದ್ರೆ ತಗೊಳ್ಳಿ!"

ಒಬ್ಬಳು ಕಿಸಕ್ಕನೆ ನಕ್ಕಳು. ಇನ್ನೊಬ್ಬಳು ಕೂತು, "ಹುಳುಕು ಇದೆಯೇನಮ್ಮ?" ಎಂದು ಬದನೆಕಾಯಿ ತಿರುಗಿಸಿ ನೋಡಿದಳು. ಆಮೇಲೆ ಮನೆಯೇ ಸಂತೆ. ಚೌಕಾಸಿ, ಕೊಸರು, ಜಗಳ, "ನಿನ್ನ ಅಂಗಡಿಗೆ ಇನ್ನು ಬರಲ್ಲ ಹೋಗು" ಎಂದು ಎದ್ದು ಹೋಗಿ ತಿರುಗಿ ಬರುವುದು! ಹಾಡು ಹೇಳುವುದನ್ನು ಎಲ್ಲರೂ ಮರೆತರು, ಉಸಲಿ ತಣ್ಣಗಾಯಿತು. ಶಾಂತಾದೇವಿಯವರೇ ಸೆರಗು ಸಿಕ್ಕಿಸಿಕೊಂಡು ನಿಂಬೆಹಣ್ಣಿಗೆ ಚೌಕಾಸಿ ಮಾಡಿ ವಿಮಲಾಳ ಬಾಯಿಗೆ ಸೋತರು.

ಮರುದಿನ ಅವರು ತಮ್ಮ ಅಟ್ಟದ ಮೇಲಿದ್ದ, ಕಿರೀಟ ಮುಕ್ಕಾದ ಹಳೆಯ ಮಣ್ಣಿನ ರಾಜ-ರಾಣಿಯನ್ನು ಸೆರಗಿನಲ್ಲಿ ಸುತ್ತಿ ತಂದರು. "ಇಟ್ಕೋ ಮಗು. ಗೊಂಬೆ ಇಲ್ಲದ ಮನೆ ಅಂತ ಆಗಬಾರದು."

ವಿಮಲಾ ಗೊಂಬೆಗಳನ್ನು ನೋಡಿದಳು, ತನ್ನ ಅಂಗಡಿಯನ್ನು ನೋಡಿದಳು. "ಎಲ್ಲಿ ಕೂರಿಸ್ಲಿ? ಗಿರಾಕಿಗಳಿಗೆ ಅಡ್ಡ ಆಗ್ತಾರಲ್ಲ." ಸ್ವಲ್ಪ ಯೋಚಿಸಿ, "ಇರ್ಲಿ ಬಿಡಿ ಆಂಟಿ, ಸಾಲಲ್ಲಿ ನಿಂತ್ಕೊಳ್ಳಲಿ," ಎಂದಳು.

ವಿಜಯದಶಮಿಯ ದಿನ ಆ ಮನೆಗೆ ಬಂದವರಿಗೆಲ್ಲ ಕಂಡದ್ದು ಮಹಾರಾಜರ ಬೆನ್ನು. ರಾಣಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅವರು ಹಾಗಲಕಾಯಿ ಕೊಳ್ಳುತ್ತಿದ್ದರು.